ಥೀಸಿಸ್ಸೂ ಪದ್ಯವೂ ಒಂದೇ ಮೇಜಿನ ಮೇಲೆ: ಎ.ಕೆ. ರಾಮಾನುಜನ್ ಹೇಗೆ ನಿಭಾಯಿಸಿದರು?

ಅರ್ಧಚೀಟಿ:

ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಮೊದಲ ಸಲ ಬರೆಯುತ್ತಿದ್ದೇನೆ, ಉದ್ದ ಆದರೆ ಬೈಯಬೇಡಿ.

ನಾನು ಕನ್ನಡದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಮೂರನೇ ವರ್ಷ. ವಿಷಯ ವಚನಗಳ ವಾಕ್ಯರಚನೆ. ಸೇರುವ ಮೊದಲು ತಿಂಗಳಿಗೆ ಎರಡು ಮೂರು ಪದ್ಯ ಬರೆಯುತ್ತಿದ್ದೆ. ಕೆಲವು ಪತ್ರಿಕೆಗಳಲ್ಲೂ ಬಂದವು. ಈಗ ಹದಿನಾಲ್ಕು ತಿಂಗಳಿಂದ ಒಂದು ಸಾಲೂ ಇಲ್ಲ. ಬರೆಯಲು ಕೂತರೆ ಎರಡನೇ ಸಾಲಿಗೇ ಇದಕ್ಕೊಂದು ಅಡಿಟಿಪ್ಪಣಿ ಬೇಕಲ್ವಾ ಅನಿಸುತ್ತದೆ. ನಗಬೇಡಿ, ನಿಜ. ನಮ್ಮ ಗೈಡ್ ಕೆಟ್ಟವರಲ್ಲ. ಆದರೆ ಅವರದ್ದು ಒಂದೇ ಮಾತು: "ಪದ್ಯಗಿದ್ಯ ಎಲ್ಲ ಡಿಗ್ರಿ ಕೈಗೆ ಬಂದಮೇಲೆ ಇಟ್ಕೋ."

ಮೊನ್ನೆ ಲೈಬ್ರರಿಯಲ್ಲಿ ಬೇಜಾರಿಗೆ ಕವಿ, ಅನುವಾದಕ, ಭಾಷಾವಿಜ್ಞಾನಿ ಎ.ಕೆ. ರಾಮಾನುಜನ್ ಅವರ ಇಸವಿಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. 1963ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಭಾಷಾವಿಜ್ಞಾನದ ಪಿಎಚ್.ಡಿ., ಅದೂ ಕನ್ನಡ ವ್ಯಾಕರಣದ ಮೇಲೆ. 1966ರಲ್ಲಿ ಮೊದಲ ಇಂಗ್ಲಿಷ್ ಕವನ ಸಂಕಲನ. 1967ರಲ್ಲಿ ಹಳೆಯ ತಮಿಳಿನ ಕುರುಂತೊಗೈ ಪದ್ಯಗಳ ಅನುವಾದ. 1969ರಲ್ಲಿ ಕನ್ನಡದ 'ಹೊಕ್ಕುಳಲ್ಲಿ ಹೂವಿಲ್ಲ'. 1971ರಲ್ಲಿ ಎರಡನೇ ಇಂಗ್ಲಿಷ್ ಸಂಕಲನ. 1973ರಲ್ಲಿ ವಚನಗಳ ಅನುವಾದ. ಹತ್ತು ವರ್ಷದಲ್ಲಿ ಇಷ್ಟು. ಜೊತೆಗೆ ಶಿಕಾಗೋದಲ್ಲಿ ಪಾಠ.

ಈ ಮನುಷ್ಯ ಮಲಗುತ್ತಿದ್ದದ್ದು ಯಾವಾಗ? ನನ್ನ ಪ್ರಶ್ನೆ ಅಷ್ಟೇ ಅಲ್ಲ, ಆದರೆ ಅಲ್ಲಿಂದಲೇ ಶುರು ಮಾಡಿ.

ಬರೀಓದುಗ:

ಆಗ ಮೊಬೈಲ್ ಇರಲಿಲ್ಲ. ಉತ್ತರ ಮುಗೀತು.

ಹಳೇಮೇಷ್ಟ್ರು:

ತಮಾಷೆ ಇರಲಿ. ನೋಡಮ್ಮ, ನಿನ್ನ ಚೀಟಿ 1963ರಿಂದ ಶುರುವಾಗಿದೆ. ಅಲ್ಲೇ ತಪ್ಪಿರುವುದು. ಅದಕ್ಕೂ ಹಿಂದೆ ಹೋಗಬೇಕು.

ಅವರು ಹುಟ್ಟಿದ್ದು 1929ರಲ್ಲಿ ಮೈಸೂರಿನಲ್ಲಿ. ಮನೆಯಲ್ಲಿ ಅಮ್ಮನ ಜೊತೆ ತಮಿಳು, ಮಹಡಿ ಮೇಲೆ ಅಪ್ಪನ ಕೋಣೆಯಲ್ಲಿ ಇಂಗ್ಲಿಷ್, ಬೀದಿಗೆ ಇಳಿದರೆ ಕನ್ನಡ. ಅಪ್ಪ ಗಣಿತದ ಪ್ರೊಫೆಸರ್. ಖಗೋಳವನ್ನೂ ಬಲ್ಲವರು, ಜಾತಕವನ್ನೂ ನೋಡುವವರು. ಸ್ನಾನ ಮಾಡಿ ನಾಮ ಹಾಕಿಕೊಂಡು ಗೀತೆ ಓದುತ್ತಿದ್ದರು, ಅದೇ ಬಾಯಲ್ಲಿ ಬರ್ಟ್ರಂಡ್ ರಸೆಲ್‌ನನ್ನು ಹೊಗಳುತ್ತಿದ್ದರು. ಹುಡುಗನಿಗೆ ಇದು ತಡೆಯಲಾಗಲಿಲ್ಲ. ಗೀತೆ, ರಸೆಲ್ ಎರಡನ್ನೂ ಒಟ್ಟಿಗೆ ಹೇಗೆ ಒಪ್ಪುತ್ತೀರಿ ಎಂದು ಕೇಳಿದ್ದಕ್ಕೆ, ಮೆದುಳಿಗೆ ಎರಡು ಹೋಳು ಇರುವುದು ನಿನಗೆ ಗೊತ್ತಿಲ್ಲವೇ ಎಂದು ಅಪ್ಪ ಮರುಪ್ರಶ್ನೆ ಹಾಕಿದರಂತೆ. ಭಾರತೀಯರ ಆಲೋಚನಾಕ್ರಮದ ಬಗ್ಗೆ ಬರೆದ ದೊಡ್ಡ ಪ್ರಬಂಧದಲ್ಲಿ ಮಗ ಈ ಪ್ರಸಂಗವನ್ನು ಹೇಳುತ್ತಾರೆ. ಗಮನಿಸು, ಅದು ವಿದ್ವತ್ ಪ್ರಬಂಧ. ಅದರೊಳಗೆ ಅಪ್ಪನ ಸ್ನಾನ, ನಾಮ, ಗೀತೆ ಎಲ್ಲ ಇದೆ.

ಎರಡನೆಯದು. ಅಮೆರಿಕಕ್ಕೆ ಹೋಗುವ ಮೊದಲು ಸುಮಾರು ಎಂಟು ವರ್ಷ ನಮ್ಮ ನಿಮ್ಮ ಹಾಗೇ ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಕೊಲ್ಲಂ, ಬೆಳಗಾವಿ, ಬರೋಡ. ನಾನು ಮೂವತ್ತು ವರ್ಷ ಅದೇ ಕೆಲಸ ಮಾಡಿದವನು. ಹಾಜರಿ ಕೂಗಿ, ಉತ್ತರ ಪತ್ರಿಕೆ ತಿದ್ದಿ, ಸಂಜೆ ಮನೆಗೆ ಬಂದರೆ ಯಾವ ಪದ್ಯ ಬರುತ್ತೆ ಹೇಳು. ಅವರು ಆ ದಿನಗಳಲ್ಲಿ ಗಾದೆ ಕೂಡಿಹಾಕಿದರು. 1955ರಲ್ಲೇ 'ಗಾದೆಗಳು' ಪುಸ್ತಕ ಬಂತು. ಹೆಂಗಸರು ಅಡುಗೆಮನೆಯಲ್ಲಿ ಹೇಳುವ ಕಥೆಗಳನ್ನು ಬರೆದುಕೊಂಡರು. ಯಾರೂ ಪ್ರಾಜೆಕ್ಟ್ ಕೊಟ್ಟಿರಲಿಲ್ಲ. ಆ ಕಥೆಗಳಲ್ಲಿ ಎಷ್ಟೋ ಪುಸ್ತಕವಾಗಿ ಬಂದದ್ದು ಅವರು ತೀರಿಕೊಂಡ ಮೇಲೆ, 1997ರಲ್ಲಿ.

ಹಾಗಾಗಿ 1963ರಿಂದ 73ರವರೆಗಿನದು ಹತ್ತು ವರ್ಷದ ಬೆಳೆ ಅಲ್ಲ. ಬಿತ್ತಿದ್ದು ಬಹಳ ಹಿಂದೆ.

ಕಪ್ಪುಶಾಯಿ:

ಮೇಷ್ಟ್ರೇ, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ರಾಮಾನುಜನ್ ಉದಾಹರಣೆ ಕೊಡುವುದು ಚೆನ್ನಾಗಿ ಕೇಳಿಸುತ್ತೆ, ಆದರೆ ಈ ಹುಡುಗಿಗೆ ಏನು ಉಪಯೋಗ? ಅವರಿಗೆ ಶಿಕಾಗೋ ಸಿಕ್ಕಿತು. 1983ರಲ್ಲಿ ಅಮೆರಿಕದ ದೊಡ್ಡ ಗೌರವ, ಮೆಕಾರ್ಥರ್ ಫೆಲೋಶಿಪ್ ಸಿಕ್ಕಿತು. ನಮ್ಮಲ್ಲಿ ಏನಿದೆ? ಕಾಲೇಜು ಮೇಷ್ಟ್ರ ನೇಮಕಕ್ಕೆ ಯುಜಿಸಿ ಮಾಡಿದ 2018ರ ನಿಯಮದ ಅಂಕಪಟ್ಟಿ ತೆಗೆದು ನೋಡಿ. ಮಾನವಿಕದಲ್ಲಿ ಒಂದು ಸಂಶೋಧನಾ ಲೇಖನಕ್ಕೆ 10 ಅಂಕ. ಅನುವಾದಿತ ಪುಸ್ತಕಕ್ಕೆ 8. ಕವನ ಸಂಕಲನ ಅಂತ ಒಂದು ಕಾಲಂ ಇಲ್ಲ. ಗೈಡ್ ಹೇಳುತ್ತಿರುವುದು ಕಾಲಂ ನೋಡಿಕೊಂಡೇ.

ಇನ್ನೊಂದು ಹೆಸರು ಹೇಳುತ್ತೇನೆ. ತೀ.ನಂ. ಶ್ರೀಕಂಠಯ್ಯ. 'ಭಾರತೀಯ ಕಾವ್ಯಮೀಮಾಂಸೆ' ಇಲ್ಲದೆ ಕನ್ನಡ ಎಂ.ಎ. ಆದವರು ಇದ್ದಾರಾ? ಅದೇ ತೀ.ನಂ.ಶ್ರೀ. ಪ್ರಾಯದಲ್ಲಿ 'ಒಲುಮೆ' ಎಂಬ ಪ್ರೇಮಗೀತೆಗಳ ಪುಸ್ತಕ ಬರೆದವರು. ಇವತ್ತು ಯಾರು ಅದರ ಹೆಸರೆತ್ತುತ್ತಾರೆ? ಅವರೊಳಗಿನ ಪಂಡಿತ ಕವಿಯನ್ನು ನುಂಗಿಬಿಟ್ಟ. ಇದೇ ಸಾಮಾನ್ಯ ಕಥೆ. ರಾಮಾನುಜನ್ ಅಪವಾದ. ಅಪವಾದ ನೋಡಿ ಸಂಸಾರ ಮಾಡಬಾರದು.

ಹಳೇಮೇಷ್ಟ್ರು:

ನುಂಗಿದ ಅಂತ ನಿಮಗೆ ಯಾರು ಹೇಳಿದರು? ಕಾವ್ಯಮೀಮಾಂಸೆಯ ಗದ್ಯ ಓದಿ. ಪದ್ಯ ಬರೆಯದವನ ಕೈ ಅಲ್ಲ ಅದು. ಕಠಿಣ ವಿಷಯ, ಆದರೆ ಒಂದು ವಾಕ್ಯವೂ ಎಡವುವುದಿಲ್ಲ. ಪದ್ಯ ನಿಂತಿತು, ಕಿವಿ ನಿಲ್ಲಲಿಲ್ಲ.

ಅಂಕಪಟ್ಟಿಯ ಮಾತು ಒಪ್ಪಿದೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಜೋಳದಕುಡಿ:

ಕಪ್ಪುಶಾಯಿ ಅವರೇ, ಅಪವಾದ ಒಂದೇ ಅಂತ ಹೇಗೆ ಹೇಳುತ್ತೀರಿ? ಜಿ.ಎಸ್. ಶಿವರುದ್ರಪ್ಪ ಇದ್ದಾರೆ. ಕುವೆಂಪು ಮಾರ್ಗದರ್ಶನದಲ್ಲಿ 'ಸೌಂದರ್ಯ ಸಮೀಕ್ಷೆ' ಎಂಬ ಥೀಸಿಸ್, ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಕನ್ನಡ ಅಧ್ಯಯನ ಕೇಂದ್ರ ಕಟ್ಟುವ ಕೆಲಸ, ನಡುವೆ ಸಂಕಲನದ ಮೇಲೆ ಸಂಕಲನ. ಇದರಲ್ಲೊಂದು ತಮಾಷೆಯೂ ಇದೆ. 1984ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಅವರಿಗೆ ಪ್ರಶಸ್ತಿ ಕೊಟ್ಟದ್ದು ವಿಮರ್ಶೆಗೆ, 'ಕಾವ್ಯಾರ್ಥ ಚಿಂತನ'ಕ್ಕೆ. ಜನ ಹಾಡಿದ್ದು ಅವರ ಭಾವಗೀತೆ. 2006ರಲ್ಲಿ ಸರ್ಕಾರ ರಾಷ್ಟ್ರಕವಿ ಅಂದಿತು.

ಕೆ.ವಿ. ತಿರುಮಲೇಶ್ ಇನ್ನೂ ಹತ್ತಿರದ ಉದಾಹರಣೆ. ಅವರೂ ರಾಮಾನುಜನ್ ಹಾಗೇ ಭಾಷಾವಿಜ್ಞಾನಿ. ಕಾಸರಗೋಡಿನ ಕಡೆಯವರು, ಹೈದರಾಬಾದಿನಲ್ಲಿ ಪಾಠ. 1968ರಲ್ಲಿ 'ಮುಖವಾಡಗಳು'. ಆಮೇಲೆ 2015ರಲ್ಲಿ 'ಅಕ್ಷಯ ಕಾವ್ಯ' ಎಂಬ ದಪ್ಪ ಪುಸ್ತಕಕ್ಕೆ ಅಕಾಡೆಮಿ ಪ್ರಶಸ್ತಿ ಬಂದಾಗ ಅವರಿಗೆ 75 ವರ್ಷ. ಶಿಕಾಗೋ ಏನೂ ಬೇಕಾಗಲಿಲ್ಲ.

ಬರೀಓದುಗ:

75 ಅಂದರೆ ಅರ್ಧಚೀಟಿಗೆ ಇನ್ನೂ ಬೇಕಾದಷ್ಟು ಟೈಮ್ ಇದೆ. ಗೈಡ್ ಹೇಳಿದ್ದು ಸರಿ ಆಯ್ತಲ್ಲ!

ಎರಡುದಡ:

ಒಂದು ಪುಟ್ಟ ಲೆಕ್ಕ ಹೇಳುತ್ತೇನೆ. ನಾನು ಅನುವಾದ ಮಾಡುವವಳು, ಹಾಗಾಗಿ ಇದು ಕಣ್ಣಿಗೆ ಬಿತ್ತು.

ರಾಮಾನುಜನ್ ಬದುಕಿದ್ದಾಗ ಬಂದ ಹೊಸ ಇಂಗ್ಲಿಷ್ ಸಂಕಲನಗಳು ಮೂರೇ. 1966, 1971, 1986. 1976ರಲ್ಲಿ ಬಂದದ್ದು ಆಯ್ದ ಕವಿತೆಗಳು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಹದಿನೈದು ವರ್ಷ. ಇಂಗ್ಲಿಷ್ ಮಾತ್ರ ಓದುವವರು ಇದನ್ನು ಮೌನ ಅಂದುಕೊಳ್ಳಬಹುದು. ಆದರೆ ಆ ಹದಿನೈದು ವರ್ಷದಲ್ಲಿ ಏನೇನು ಬಂತು? ವಚನಗಳು. ಅನಂತಮೂರ್ತಿಯವರ 'ಸಂಸ್ಕಾರ'ದ ಇಂಗ್ಲಿಷ್ ಅನುವಾದ, 1976. ಕನ್ನಡದಲ್ಲಿ 'ಮತ್ತು ಇತರ ಪದ್ಯಗಳು', 1977. ಮರುವರ್ಷ 'ಮತ್ತೊಬ್ಬನ ಆತ್ಮಚರಿತ್ರೆ' ಎಂಬ ಕಾದಂಬರಿ. 1981ರಲ್ಲಿ ತಮಿಳು ವೈಷ್ಣವ ಸಂತ ನಮ್ಮಾಳ್ವಾರರ ಪಾಶುರಗಳು, ಅಂದರೆ ಭಕ್ತಿಪದ್ಯಗಳು. 1985ರಲ್ಲಿ ಮತ್ತೆ ಹಳೆಯ ತಮಿಳು.

ಅಂದರೆ ಒಂದು ಬಾಗಿಲು ಮುಚ್ಚಿದಾಗ ಪಕ್ಕದ ಬಾಗಿಲಿಂದ ಬರುತ್ತಿದ್ದರು. ಅರ್ಧಚೀಟಿ ಅವರೇ, ನಿಮ್ಮ ಹದಿನಾಲ್ಕು ತಿಂಗಳಲ್ಲಿ ನೀವು ಏನೂ ಬರೆದಿಲ್ಲವಾ, ಅಥವಾ ಪದ್ಯ ಅನ್ನುವ ಹೆಸರಿನಲ್ಲಿ ಬರೆದಿಲ್ಲವಾ?

ಅರ್ಧಚೀಟಿ:

ಚೀಟಿ ಬರೆದಿದ್ದೇನೆ ಅಕ್ಕ. ಚಪ್ಪಲಿ ಡಬ್ಬಿಯಲ್ಲಿ ಎರಡು ಡಬ್ಬಿ ತುಂಬ. ಒಂದು ಚೀಟಿಗೆ ಒಂದು ವಾಕ್ಯ, ಕೆಳಗೆ ಅದರ ವ್ಯಾಕರಣ. ಅದನ್ನು ಬರವಣಿಗೆ ಅಂತ ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಎರಡುದಡ:

ಹಾಗಾದರೆ ನಿಮ್ಮ ವಿಷಯಕ್ಕೇ ಬರೋಣ. ಬಸವಣ್ಣನ "ಉಳ್ಳವರು ಶಿವಾಲಯವ ಮಾಡುವರು" ತೆಗೆದುಕೊಳ್ಳಿ. ವಚನಾನುವಾದದ ಮುನ್ನುಡಿಯನ್ನು ಅವರು ಶುರು ಮಾಡುವುದೇ ಈ ವಚನದಿಂದ.

ಮೊದಲ ಎರಡು ಸಾಲಿನಲ್ಲಿ ಒಂದೇ ಧಾತು: ಮಾಡುವರು, ನಾನೇನ ಮಾಡುವೆ. ಕನ್ನಡದಲ್ಲಿ ಕಟ್ಟುವುದಕ್ಕೂ ಮಾಡು, ಕೈಲಾಗದೆ "ಏನ್ ಮಾಡ್ಲಿ" ಅನ್ನುವುದಕ್ಕೂ ಮಾಡು. ಇಂಗ್ಲಿಷಿನಲ್ಲಿ ಅದು ಮೇಕ್ ಮತ್ತು ಡೂ ಅಂತ ಒಡೆದುಹೋಗುತ್ತದೆ. ಆದರೂ ಅವರು 'ಬಿಲ್ಡ್' ಅನ್ನಲಿಲ್ಲ. 'ಮೇಕ್' ಅಂತಲೇ ಇಟ್ಟರು. ಯಾಕೆ ಅಂದರೆ ಈ ವಚನ ಮಾಡುವುದಕ್ಕೂ ಆಗಿರುವುದಕ್ಕೂ ನಡುವಿನ ಜಗಳ ಅಂತ ಅವರ ಓದು. ಉಳ್ಳವರು ಗುಡಿಯನ್ನು ಮಾಡಬಲ್ಲರು, ಗುಡಿ ಆಗಲಾರರು.

ಈಗ ಮುಂದಿನ ಸಾಲು ನೋಡಿ. "ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ." ಕ್ರಿಯಾಪದ ಎಲ್ಲಿದೆ? ಇಲ್ಲ! ಉಳ್ಳವರ ಸಾಲಿಗೆ ಕ್ರಿಯಾಪದ ಇದೆ, ಬಡವನ ದೇಹದ ಸಾಲಿಗೆ ಇಲ್ಲ. ಕನ್ನಡದಲ್ಲಿ ಅದಕ್ಕೆ ಅವಕಾಶ ಇದೆ, ಇಂಗ್ಲಿಷಿನಲ್ಲಿ ಇಲ್ಲ. ರಾಮಾನುಜನ್ ಏನು ಮಾಡಿದರು ಗೊತ್ತಾ? ಕಾಲು ಕಂಬ ಅನ್ನುವಲ್ಲಿ ಒಂದು ಸಲ 'ಆರ್' ಹಾಕಿದರು. ದೇಹಕ್ಕೂ ಶಿರಕ್ಕೂ ಅದನ್ನು ಕೈಬಿಟ್ಟರು. ಇಂಗ್ಲಿಷ್ ಓದುಗ ಒಂದು ಹೆಜ್ಜೆ ಇಂಗ್ಲಿಷಿನಲ್ಲಿ ಇಟ್ಟು ಮುಂದಿನ ಎರಡು ಹೆಜ್ಜೆ ಕನ್ನಡದಲ್ಲಿ ಇಡುತ್ತಾನೆ, ಅವನಿಗೇ ತಿಳಿಯದ ಹಾಗೆ.

ಈ ಕೆಲಸ ಮಾಡಿದವನು ವ್ಯಾಕರಣದ ಪಂಡಿತನೋ ಕವಿಯೋ? ನನಗಂತೂ ಬೇರೆ ಮಾಡಿ ಹೇಳಲು ಆಗುವುದಿಲ್ಲ. ಅವರಿಗೂ ಆಗಿರಲಿಲ್ಲ. ಇಂಗ್ಲಿಷ್ ಮತ್ತು ತಮ್ಮ ಶಾಸ್ತ್ರಗಳು ತಮಗೆ ಹೊರ ಆಕಾರ ಕೊಟ್ಟವು, ಮೊದಲ ಮೂವತ್ತು ವರ್ಷದ ಬದುಕು, ಕನ್ನಡ, ತಮಿಳು, ಜಾನಪದ ಒಳಗಿನದನ್ನು ಕೊಟ್ಟವು, ಈಗ ಯಾವುದು ಎಲ್ಲಿಂದ ಬರುತ್ತದೆ ಎಂದು ತಮಗೇ ತಿಳಿಯುವುದಿಲ್ಲ ಅಂತ ಅವರೇ ಬರೆದುಕೊಂಡಿದ್ದಾರೆ.

ಅರ್ಧಚೀಟಿ:

ಅಯ್ಯೋ. ನನ್ನ ಎರಡನೇ ಅಧ್ಯಾಯದ ಹೆಸರೇ "ಕ್ರಿಯಾಪದರಹಿತ ವಾಕ್ಯಗಳು". ಕಾಲೇ ಕಂಬದ ಚೀಟಿ ನನ್ನ ಡಬ್ಬಿಯಲ್ಲಿದೆ. ಕೆಳಗೆ "ನಾಮಪದ + ನಾಮಪದ, ಅವಧಾರಣೆಯ (ಒತ್ತಿ ಹೇಳುವ) ಏ" ಅಂತ ಬರೆದಿಟ್ಟಿದ್ದೇನೆ. ಉಳ್ಳವರಿಗೆ ಕ್ರಿಯಾಪದ ಇದೆ, ಬಡವನಿಗೆ ಇಲ್ಲ ಅನ್ನುವುದು ಹೊಳೆದೇ ಇರಲಿಲ್ಲ. ಎರಡು ಚೀಟಿ ಬೇರೆ ಬೇರೆ ಡಬ್ಬಿಯಲ್ಲಿದ್ದವು.

ಕಪ್ಪುಶಾಯಿ:

ಚೆನ್ನಾಗಿದೆ. ಆದರೆ ಪೂಜೆ ಜಾಸ್ತಿ ಆಗುತ್ತಿದೆ. ಇನ್ನೊಂದು ಮುಖವನ್ನೂ ಇಡಿ. ಅಂಕಿತಗಳನ್ನು, ಅಂದರೆ ವಚನದಲ್ಲಿ ಸಹಿಯ ಹಾಗೆ ಬರುವ ದೇವರ ಹೆಸರುಗಳನ್ನು, ಅವರು ಅನುವಾದ ಮಾಡಿದ್ದು ಸರಿಯಾ? ಚೆನ್ನಮಲ್ಲಿಕಾರ್ಜುನ ಅನ್ನುವುದು ಇಂಗ್ಲಿಷಿನಲ್ಲಿ "ಮಲ್ಲಿಗೆಯಂತೆ ಬೆಳ್ಳಗಿನ ಒಡೆಯ" ಆಯಿತು. ಗುಹೇಶ್ವರ "ಗುಹೆಗಳ ಒಡೆಯ" ಆದ. ನಮ್ಮಜ್ಜಿ ಶ್ರೀಶೈಲಕ್ಕೆ ಹೋಗಿ ಬಂದವರು. ಅವರಿಗೆ ಅದು ಹೆಸರು, ಮಲ್ಲಿಗೆ ಅಲ್ಲ.

ವಿಮರ್ಶಕಿ ತೇಜಸ್ವಿನಿ ನಿರಂಜನ 1992ರ ತಮ್ಮ ಪುಸ್ತಕದಲ್ಲಿ ಈ ಅನುವಾದಗಳ ಬಗ್ಗೆ ಗಟ್ಟಿ ಪ್ರಶ್ನೆ ಎತ್ತಿದ್ದಾರೆ. ವಚನವನ್ನು ಪಶ್ಚಿಮದ ಆಧುನಿಕ ಕವಿತೆಯ ಅಚ್ಚಿಗೆ, ಪ್ರೊಟೆಸ್ಟೆಂಟ್ ಭಕ್ತಿಯ ಅಚ್ಚಿಗೆ ಹಾಕಿದ್ದಾರೆ ಅನ್ನುವುದು ಆಕ್ಷೇಪ. ನನ್ನ ಪ್ರಕಾರ ಅದರಲ್ಲಿ ಹುರುಳಿದೆ. ಅವರೊಳಗಿನ ಕವಿ ತನ್ನ ರುಚಿಯನ್ನು ಹನ್ನೆರಡನೇ ಶತಮಾನದ ಮೇಲೆ ಹೊದಿಸಿದ. ಪಂಡಿತ ತಡೆಯಬೇಕಿತ್ತು, ತಡೆಯಲಿಲ್ಲ. ಕವಿಯೂ ಪಂಡಿತನೂ ಒಬ್ಬರೇ ಆದಾಗ ಇದು ಅಪಾಯ. ಒಬ್ಬರಿಗೊಬ್ಬರು ಸಲಿಗೆ ಕೊಟ್ಟುಬಿಡುತ್ತಾರೆ.

ಎರಡುದಡ:

ಸಲಿಗೆಯ ಮಾತು ಒಪ್ಪುತ್ತೇನೆ. ಅಂಕಿತದ ವಿಷಯದಲ್ಲಿ ನಾನೂ ಎರಡು ಮನಸ್ಸಿನವಳು. ಆದರೆ ಮಲ್ಲಿಗೆ ಇಲ್ಲದೆ ಅಕ್ಕನನ್ನು ಮೊದಲ ಸಲ ಓದುವ ಪರಭಾಷೆಯವರಿಗೆ ಆ ಹೆಸರು ಬರೀ ಉದ್ದನೆಯ ಸದ್ದು. ಏನನ್ನಾದರೂ ಕಳೆದುಕೊಳ್ಳಲೇಬೇಕು. ಅವರು ಹೆಸರು ಕಳೆದುಕೊಂಡು ಪರಿಮಳ ಉಳಿಸಿಕೊಂಡರು. ನೀವಾಗಿದ್ದರೆ ತಿರುಗಾಮುರುಗಾ ಮಾಡುತ್ತಿದ್ದಿರಿ. ಅದೂ ಒಂದು ಅನುವಾದವೇ.

ಹಳೇಮೇಷ್ಟ್ರು:

ಪಂಡಿತ ತಡೆಯಲಿಲ್ಲ ಅನ್ನುವುದಕ್ಕೆ ನನ್ನದೊಂದು ತಕರಾರು. ತಮಿಳಿನ ಕಥೆ ಕೇಳಿ. ಮನೆಮಾತು ತಮಿಳಾದರೂ ಹಳೆಯ ತಮಿಳು ಅವರಿಗೆ ಬರುತ್ತಿರಲಿಲ್ಲ. ಶಿಕಾಗೋಗೆ ಹೋದ ವರ್ಷ, 1962ರಲ್ಲಿ, ಅಲ್ಲಿನ ಹಾರ್ಪರ್ ಲೈಬ್ರರಿಯ ನೆಲಮಾಳಿಗೆಯಲ್ಲಿ ಹಳೆಯ ತಮಿಳಿನ ಒಂದು ಪ್ರಾಥಮಿಕ ವ್ಯಾಕರಣ ಹುಡುಕಿಕೊಂಡು ಹೋದರು. ಕೈಗೆ ಸಿಕ್ಕಿದ್ದು ಉ.ವೇ. ಸ್ವಾಮಿನಾಥ ಅಯ್ಯರ್ ಸಂಪಾದಿಸಿದ 1937ರ ಪುಸ್ತಕ, ಕುರುಂತೊಗೈ. ಮೈಸೂರಿನ ಅಯ್ಯಂಗಾರ್ ಹುಡುಗನಿಗೆ ತನ್ನ ತಾಯಿನುಡಿಯ ಎರಡು ಸಾವಿರ ವರ್ಷದ ಹಿಂದಿನ ಕಾವ್ಯ ಸಿಕ್ಕಿದ್ದು ಅಮೆರಿಕದ ಮಣ್ಣಿನ ಕೆಳಗೆ. ತನ್ನ ಪರಂಪರೆ ಕೂಡ ಹುಟ್ಟಿನಿಂದ ಬರುವ ಆಸ್ತಿಯಲ್ಲ, ದುಡಿದು ಗಳಿಸಬೇಕಾದದ್ದು ಎನ್ನುವ ಅರ್ಥದಲ್ಲಿ ಅವರೇ ಬರೆದಿದ್ದಾರೆ. ಐದೇ ವರ್ಷದಲ್ಲಿ ಅನುವಾದ ತಂದರು. ಅಕ್ಷರ ಅಕ್ಷರ ಕಲಿತು ಮಾಡಿದ್ದು. ಇದು ಸಲಿಗೆ ಕೊಡುವ ಪಂಡಿತನ ಕೆಲಸದ ಹಾಗೆ ನನಗೆ ಕಾಣುವುದಿಲ್ಲ.

ಜೋಳದಕುಡಿ:

ಜಾನಪದವನ್ನು ಎಲ್ಲರೂ ಮರೆಯುತ್ತಿದ್ದೀರಿ. ನನಗೆ ಅವರು ಜಾಸ್ತಿ ಇಷ್ಟವಾಗುವುದೇ ಅಲ್ಲಿ. ಗಿರೀಶ ಕಾರ್ನಾಡರ 'ನಾಗಮಂಡಲ' ಹುಟ್ಟಿದ್ದು ರಾಮಾನುಜನ್ ಹೇಳಿದ ಎರಡು ಕಥೆಗಳಿಂದ. ಸಂಶೋಧನೆಯ ಬುಟ್ಟಿಯಲ್ಲಿದ್ದ ಕಥೆ ಇನ್ನೊಬ್ಬರ ಕೈಯಲ್ಲಿ ನಾಟಕ ಆಯಿತು.

ಮುನ್ನೂರು ರಾಮಾಯಣಗಳ ಬಗ್ಗೆ ಅವರು ಬರೆದ ಪ್ರಬಂಧ ಗೊತ್ತಲ್ಲ, 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಪಠ್ಯದಿಂದ ತೆಗೆದದ್ದು. ಗಲಾಟೆಯ ಸುದ್ದಿ ಓದಿದವರು ಲಕ್ಷ ಜನ, ಪ್ರಬಂಧ ಓದಿದವರು ಎಷ್ಟೋ. ಅದರಲ್ಲಿ ಕನ್ನಡದ ಒಂದು ಜನಪದ ರಾಮಾಯಣ ಬರುತ್ತದೆ. ರಾವಣನೇ ಬಸುರಾಗುತ್ತಾನೆ, ಸೀನಿದಾಗ ಮಗು ಹುಟ್ಟುತ್ತದೆ. ಸೀತಿದ್ದಕ್ಕೆ ಸೀತೆ. ಇಷ್ಟೇ. ಹಾಡಿದವನ ಶ್ಲೇಷೆ, ಹೆಕ್ಕಿದ್ದು ಭಾಷಾವಿಜ್ಞಾನಿಯ ಕಿವಿ.

ಬರೀಓದುಗ:

ನಮ್ಮೂರಲ್ಲಿ ಈಗಲೂ "ಒಂಟಿ ಸೀನು ಸೀತ" ಅಂತಾರೆ. ಇಷ್ಟು ವರ್ಷ ಇದು ಹೊಳೀಲಿಲ್ವಲ್ಲ!

ಕಪ್ಪುಶಾಯಿ:

ಸರಿ, ಅರ್ಧ ಸೋತೆ. ಆದರೆ ಅರ್ಧಚೀಟಿಗೆ ಒಂದು ಕಹಿ ಮಾತು ಹೇಳದೆ ಹೋಗುವುದಿಲ್ಲ. ಈ ಮನುಷ್ಯ 1993ರ ಜುಲೈನಲ್ಲಿ ಹೋದಾಗ 64 ವರ್ಷ. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವಾಗ ಆದ ತೊಂದರೆ. ಎಷ್ಟೋ ಕೆಲಸ ಹಾಗೇ ಉಳಿದಿತ್ತು. ಸಮಗ್ರ ಇಂಗ್ಲಿಷ್ ಕವಿತೆಗಳು ಬಂದದ್ದು 1995ರಲ್ಲಿ, ಅದಕ್ಕೆ ಅಕಾಡೆಮಿ ಪ್ರಶಸ್ತಿ 1999ರಲ್ಲಿ. ಎರಡನ್ನೂ ಅವರು ನೋಡಲಿಲ್ಲ. "ಆಮೇಲೆ" ಅಂತ ಎತ್ತಿಡುವವರಿಗೆ ಇದನ್ನು ಹೇಳಬೇಕು. ಹೌದು, ನಾನು ಮೊದಲು ಹೇಳಿದ್ದಕ್ಕೆ ಇದು ಉಲ್ಟಾ. ಇರಲಿ. ಅಧ್ಯಾಯ ಹೇಗೂ ಮುಗಿಯುತ್ತದೆ. ಗೈಡ್‌ಗೆ ಹೇಳದೆ ಬರೆಯಿರಿ.

ಅರ್ಧಚೀಟಿ:

ಮೂರು ದಿನ ಈ ಕಡೆ ಬರಲಿಲ್ಲ, ಕ್ಷಮಿಸಿ. ಎರಡೂ ಡಬ್ಬಿ ನೆಲದ ಮೇಲೆ ಸುರಿದು ಕ್ರಿಯಾಪದ ಇರುವ ಚೀಟಿ, ಇಲ್ಲದ ಚೀಟಿ ಅಕ್ಕಪಕ್ಕ ಜೋಡಿಸುತ್ತಾ ಕೂತೆ. ಎಲ್ಲ ವಚನಕ್ಕೂ ಆ ಸೂತ್ರ ಕೂಡುವುದಿಲ್ಲ. ಅದೇ "ಉಳ್ಳವರು" ವಚನದ ಕೊನೆಯಲ್ಲೇ ನೋಡಿ, "ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ" ಅಂತ ಉಂಟು, ಇಲ್ಲ ಎರಡೂ ವಾಪಸ್ ಬರುತ್ತವೆ. ಅಳಿವಿನ ಮಾತು ಬಂದಾಗ. ಇದನ್ನು ಅಧ್ಯಾಯಕ್ಕೆ ಸೇರಿಸುತ್ತೇನೆ. ಗೈಡ್‌ಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಿಂದ ಬಂತು ಇದು?" ಅಂದರು. ಚೀಟಿಯಿಂದ ಅಂದೆ.

ಇನ್ನೊಂದು. ಒಂದು ಚೀಟಿಯ ಹಿಂದೆ ಇದು ಬಂತು. ತಿದ್ದಿಲ್ಲ, ಹಾಗೇ ಹಾಕುತ್ತಿದ್ದೇನೆ.

ಅವ್ವನ ಮೊಣಕಾಲು ಹಳೇ ಕಿಟಕಿ.
ಮಳೆಗೆ ಮುಂಚೆ ಒಂದು ಕಿರ್.
ಮಳೆಯ ನಂತರ ಒಂದು ಕಿರ್.
ನಡುವೆ ಅವಳ ಅಡುಗೆ, ನನ್ನ ಊಟ.

ಎರಡುದಡ:

ಒಂದೂ ಕ್ರಿಯಾಪದ ಇಲ್ಲ!

ಹಳೇಮೇಷ್ಟ್ರು:

ಎರಡನೇ ಸಲ ಬರುವ "ಒಂದು" ಬೇಕಾ ನೋಡಮ್ಮ. "ಮಳೆಯ ನಂತರ ಕಿರ್" ಅಂದರೆ ಸಾಲು ಸ್ವಲ್ಪ ಕುಂಟುತ್ತದೆ. ಅವ್ವನ ಕಾಲಿಗೆ ಅದೇ ಸರಿ.

ಕಪ್ಪುಶಾಯಿ:

ನಾಲ್ಕನೇ ಸಾಲು ತೆಗೆಯಿರಿ. ಮೂರಕ್ಕೇ ಪದ್ಯ ಮುಗಿದಿದೆ.

ಅರ್ಧಚೀಟಿ:

ಮೇಷ್ಟ್ರೇ, "ಒಂದು" ತೆಗೆದೆ. ಕಪ್ಪುಶಾಯಿ ಅವರೇ, ನಾಲ್ಕನೇ ಸಾಲು ತೆಗೆದರೆ ನಾನೇ ಇರಲ್ಲ ಅದರಲ್ಲಿ. ಅದು ಇರಲಿ. ಅಧ್ಯಾಯ ಸೋಮವಾರ ಕೊಡಬೇಕು, ಇನ್ನೂ ಒಂದು ಡಬ್ಬಿ ಬಾಕಿ ಇದೆ.